ಗ್ಲೂಕೋಸ್ ಕುಡಿದು ಎರಡು ಗಂಟೆಗೆ 162: ಮಾತ್ರೆ ಬೇಕೇ, ಅಧ್ಯಯನಕ್ಕೆ ಸೇರಬೇಕೇ?

ಪ್ರಶ್ನೆ: ಕಟಪಾಡಿಯ ಓದುಗ

ನಮಸ್ಕಾರ. ನನಗೆ 46 ವರ್ಷ. ಉಡುಪಿಯ ಸಹಕಾರಿ ಸಂಘವೊಂದರಲ್ಲಿ ಲೆಕ್ಕಪತ್ರದ ಕೆಲಸ. ಬೆಳಿಗ್ಗೆ ಹತ್ತಕ್ಕೆ ಕುರ್ಚಿಯಲ್ಲಿ ಕುಳಿತರೆ ಏಳುವುದು ಊಟಕ್ಕೆ ಮತ್ತು ಸಂಜೆಯ ಬಸ್ಸಿಗೆ ಮಾತ್ರ. ನನ್ನ ತಂದೆಯವರಿಗೆ ಸಕ್ಕರೆ ಕಾಯಿಲೆಯಿತ್ತು. ಕೊನೆಯ ವರ್ಷಗಳಲ್ಲಿ ಕಾಲಿನ ಗಾಯ ಮಾಯದೆ ಅವರು ಪಟ್ಟ ಪಾಡನ್ನು ಹತ್ತಿರದಿಂದ ಕಂಡವನಾದ್ದರಿಂದ ಈ ವಿಷಯದಲ್ಲಿ ನನಗೆ ಹೆದರಿಕೆ ಸ್ವಲ್ಪ ಹೆಚ್ಚೇ ಇದೆ.

ಕಳೆದ ತಿಂಗಳು ಪರೀಕ್ಷೆ ಮಾಡಿಸಿದಾಗ ಖಾಲಿ ಹೊಟ್ಟೆಯಲ್ಲಿ 98, ಗ್ಲೂಕೋಸ್ ನೀರು ಕುಡಿದ ಎರಡು ಗಂಟೆಯ ಬಳಿಕ 162 ಬಂತು. ವರದಿಯಲ್ಲಿ ‘ಐಜಿಟಿ’ ಎಂದು ಬರೆದಿದ್ದಾರೆ. ನನ್ನ ತೂಕ 64 ಕೆ.ಜಿ., ಎತ್ತರ ಐದು ಅಡಿ ಆರು ಇಂಚು. ನೋಡಿದವರು ಯಾರೂ ನನ್ನನ್ನು ದಪ್ಪ ಎನ್ನುವುದಿಲ್ಲ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ ಬಂದಿದೆ. ತೂಕ ಇಳಿಸಿದರೆ ಕಾಯಿಲೆ ತಡೆಯಬಹುದೆಂದು ಎಲ್ಲೆಡೆ ಓದುತ್ತೇನೆ, ಆದರೆ ಇಳಿಸಲು ನನ್ನಲ್ಲಿ ತೂಕವೇ ಇಲ್ಲದಿದ್ದರೆ ಏನು ಮಾಡುವುದು? ಈಗಲೇ ಮೆಟ್‌ಫಾರ್ಮಿನ್ ಆರಂಭಿಸುವುದು ಒಳ್ಳೆಯದೇ?

ಇನ್ನೊಂದು ವಿಷಯ. ನಮ್ಮ ಕಡೆಯ ವೈದ್ಯಕೀಯ ಕಾಲೇಜೊಂದರಲ್ಲಿ ಇಂಥವರನ್ನೇ ಆಯ್ದು ಎರಡು ವರ್ಷಗಳ ಅಧ್ಯಯನ ನಡೆಸುತ್ತಿದ್ದಾರೆ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಆಹಾರ ಮತ್ತು ನಡಿಗೆಯ ಬಗ್ಗೆ ತಿಂಗಳು ತಿಂಗಳೂ ಮಾರ್ಗದರ್ಶನ, ಇನ್ನೊಂದಕ್ಕೆ ಎಂದಿನ ಸಲಹೆ ಮಾತ್ರ ಎನ್ನುತ್ತಾರೆ. ನಾನು ಎರಡನೆಯ ಗುಂಪಿಗೆ ಬಿದ್ದರೆ ಎರಡು ವರ್ಷ ವ್ಯರ್ಥವಾಗುವುದಿಲ್ಲವೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ಮಂಗಳೂರಿನಿಂದ, ಸಮುದಾಯ ವೈದ್ಯಕೀಯ ವಿಭಾಗದ ನಿವೃತ್ತ ಉದ್ಯೋಗಿ

ಮಾನ್ಯರೇ, ಮೊದಲು ನಿಮ್ಮ ಅಂಕಿಗಳ ಅರ್ಥ. ಎರಡು ಗಂಟೆಯ ಅಂಕಿ 140ಕ್ಕಿಂತ ಕೆಳಗಿದ್ದರೆ ಸಹಜ, 200 ಮುಟ್ಟಿದರೆ ಮಧುಮೇಹ. ಇವೆರಡರ ನಡುವಿನದು ಗ್ಲೂಕೋಸ್ ಸಹಿಷ್ಣುತೆ ಕುಂದಿದ ಸ್ಥಿತಿ, ಅಂದರೆ ನಿಮ್ಮ ವರದಿಯ ‘ಐಜಿಟಿ’. ಬಂದ ಸಕ್ಕರೆಯನ್ನು ಸ್ನಾಯುಗಳು ಬೇಗ ಒಳಗೆ ಎಳೆದುಕೊಳ್ಳುತ್ತಿಲ್ಲ, ಊಟವಾದೊಡನೆ ಚಿಮ್ಮಬೇಕಾದ ಇನ್ಸುಲಿನ್ ತಡವಾಗಿ ಬರುತ್ತಿದೆ ಎಂದು ಇದರ ಅರ್ಥ. ನಿಮ್ಮ ಖಾಲಿ ಹೊಟ್ಟೆಯ ಅಂಕಿ ಸರಿಯಾಗಿಯೇ ಇರುವುದನ್ನು ಗಮನಿಸಿ. ಗ್ಲೂಕೋಸ್ ಕುಡಿಸದೆ ಬೆಳಗಿನ ರಕ್ತವನ್ನಷ್ಟೇ ನೋಡಿದ್ದರೆ ‘ಏನೂ ಇಲ್ಲ’ ಎಂದು ನಿಮ್ಮನ್ನು ಮನೆಗೆ ಕಳುಹಿಸುತ್ತಿದ್ದರು.

ಇಂಥವರಲ್ಲಿ ಮಧುಮೇಹವನ್ನು ತಡೆಯಬಹುದೇ ಎಂಬ ಪ್ರಶ್ನೆಗೆ ದೊಡ್ಡ ಮಟ್ಟದ ಮೊದಲ ಉತ್ತರಗಳಲ್ಲೊಂದು ಬಂದದ್ದು ಚೀನಾದ ದಾಚಿಂಗ್ ನಗರದಿಂದ. 1986ರಲ್ಲಿ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿಯನ್ನು ತಪಾಸಿಸಿ, ಐಜಿಟಿ ಇದ್ದ 577 ಮಂದಿಯನ್ನು ಆರು ವರ್ಷ ಹಿಂಬಾಲಿಸಿದರು. ಆಹಾರ, ವ್ಯಾಯಾಮ, ಎರಡೂ, ಹೀಗೆ ಯಾವುದನ್ನು ಅನುಸರಿಸಿದ ಗುಂಪಿನಲ್ಲಿಯೂ ಕಾಯಿಲೆ ಗಣನೀಯವಾಗಿ ಕಡಿಮೆಯಾಯಿತು. ಬಳಿಕ ಫಿನ್ಲೆಂಡಿನಲ್ಲಿ 522 ಮಂದಿಯ ಅಧ್ಯಯನ 2001ರಲ್ಲಿ, ಅಮೆರಿಕದಲ್ಲಿ 3,234 ಮಂದಿಯ ಅಧ್ಯಯನ 2002ರಲ್ಲಿ ಪ್ರಕಟವಾದವು. ಎರಡರಲ್ಲಿಯೂ ಜೀವನಕ್ರಮದ ಬದಲಾವಣೆ ಅಪಾಯವನ್ನು ಶೇ. 58ರಷ್ಟು ತಗ್ಗಿಸಿತು. ಅಮೆರಿಕದ ಅಧ್ಯಯನದಲ್ಲಿ ಮೆಟ್‌ಫಾರ್ಮಿನ್ ತಗ್ಗಿಸಿದ್ದು ಶೇ. 31ರಷ್ಟು.

ಆದರೆ ಅಲ್ಲಿನವರು ಹೆಚ್ಚಾಗಿ ಭಾರಿ ದೇಹದವರು, ಮತ್ತು ಅಲ್ಲಿ ತೂಕ ಇಳಿಸುವುದೇ ಮುಖ್ಯ ಗುರಿಯಾಗಿತ್ತು. ನಿಮಗೆ ಹತ್ತಿರವಾದದ್ದು ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಚೆನ್ನೈಯಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಭಾರತೀಯ ಅಧ್ಯಯನ. ಐಜಿಟಿ ಇದ್ದ 531 ಮಂದಿಯನ್ನು ಅವರು ನಾಲ್ಕು ಗುಂಪು ಮಾಡಿದರು. ಮೂರು ವರ್ಷಗಳಲ್ಲಿ, ಎಂದಿನ ಸಲಹೆ ಮಾತ್ರ ಪಡೆದವರಲ್ಲಿ ಶೇ. 55 ಮಂದಿಗೆ ಮಧುಮೇಹ ಬಂತು. ಆಹಾರ ಮತ್ತು ನಡಿಗೆಯ ಗುಂಪಿನಲ್ಲಿ ಅದು ಶೇ. 39.3, ಮೆಟ್‌ಫಾರ್ಮಿನ್ ಗುಂಪಿನಲ್ಲಿ 40.5, ಎರಡನ್ನೂ ಪಡೆದವರಲ್ಲಿ 39.5. ನಿಮ್ಮ ಪ್ರಶ್ನೆಗೆ ಇಲ್ಲಿ ಎರಡು ಸಂಗತಿಗಳು ಮುಖ್ಯ. ಒಂದು, ಜೀವನಕ್ರಮದ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿಯಲೇ ಇಲ್ಲ, ಆದರೂ ಲಾಭ ಸಿಕ್ಕಿತು. ಸ್ನಾಯು ದುಡಿದಾಗ ಇನ್ಸುಲಿನ್ನಿನ ಹಂಗಿಲ್ಲದೆಯೂ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ, ಅದಕ್ಕೆ ತಕ್ಕಡಿಯ ಸಾಕ್ಷಿ ಬೇಕಿಲ್ಲ. ಇನ್ನೊಂದು, ನಡಿಗೆಯ ಜೊತೆಗೆ ಮಾತ್ರೆಯನ್ನೂ ಸೇರಿಸಿದ್ದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ.

‘ನಾನು ದಪ್ಪವಿಲ್ಲ’ ಎಂಬ ಮಾತಿಗೂ ಒಂದು ತಿದ್ದುಪಡಿ. ನಮ್ಮವರಲ್ಲಿ ಕೊಬ್ಬು ಹೊಟ್ಟೆಯ ಒಳಗೆ ಸೇರುವುದು ಹೆಚ್ಚು. ಆದ್ದರಿಂದ ಗಂಡಸರಿಗೆ ಸೊಂಟದ ಸುತ್ತಳತೆಯ ಮಿತಿಯನ್ನು ಇಲ್ಲಿ 90 ಸೆಂ.ಮೀ. ಎಂದು ಇಟ್ಟಿದ್ದಾರೆ. ಟೇಪು ಹಿಡಿದು ಹೊಕ್ಕುಳ ಮಟ್ಟದಲ್ಲಿ ಅಳೆದು ನೋಡಿ. ಪ್ಯಾಂಟಿನ ಅಳತೆಯನ್ನು ನಂಬಬೇಡಿ, ಅದನ್ನು ನಾವೆಲ್ಲ ಹೊಟ್ಟೆಯ ಕೆಳಗೆ ಕಟ್ಟುತ್ತೇವೆ.

ಮಾತ್ರೆಯ ನಿರ್ಧಾರ ನಿಮ್ಮ ವೈದ್ಯರದು. ಅಮೆರಿಕದ ಅಧ್ಯಯನದಲ್ಲಿ ಮೆಟ್‌ಫಾರ್ಮಿನ್ ಹೆಚ್ಚು ಫಲ ಕೊಟ್ಟದ್ದು ಕಿರಿಯರಲ್ಲಿ ಮತ್ತು ಬಹಳ ತೂಕದವರಲ್ಲಿ ಎಂಬುದನ್ನು ಮಾತ್ರ ಅವರೊಡನೆ ಮಾತನಾಡುವಾಗ ನೆನಪಿಡಿ.

ಇನ್ನು ಎರಡನೆಯ ಗುಂಪಿನ ಭಯ. ಚೆನ್ನೈಯಲ್ಲಿ ಎಂದಿನ ಸಲಹೆಯ ಗುಂಪಿನಲ್ಲೂ ನೂರಕ್ಕೆ ನಲವತ್ತೈದು ಮಂದಿಗೆ ಕಾಯಿಲೆ ಬರಲಿಲ್ಲ. ಆ ಗುಂಪೇ ಇಲ್ಲದಿದ್ದರೆ, ನಡೆದವರೆಲ್ಲರ ಆರೋಗ್ಯವನ್ನೂ ನಡಿಗೆಯ ಖಾತೆಗೇ ಬರೆದುಬಿಡುತ್ತಿದ್ದೆವು. ಲೆಕ್ಕಪತ್ರದ ಕೆಲಸದಲ್ಲಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲದೆ, ಎರಡನೆಯ ಗುಂಪಿನವರನ್ನು ಯಾರೂ ಕೈಬಿಡುವುದಿಲ್ಲ. ಲಾಭ ಸ್ಪಷ್ಟವಾಗಿ ಕಂಡದ್ದರಿಂದ ಅಮೆರಿಕದ ಅಧ್ಯಯನವನ್ನು ನಿಗದಿಗಿಂತ ಒಂದು ವರ್ಷ ಮೊದಲೇ, 2001ರಲ್ಲಿ, ನಿಲ್ಲಿಸಿ ಎಲ್ಲ ಗುಂಪುಗಳಿಗೂ ಜೀವನಕ್ರಮದ ತರಬೇತಿ ನೀಡಿದರು.

ಉತ್ತರ 2: ಸುರತ್ಕಲ್‌ನಿಂದ, ಪ್ರಯೋಗಾಲಯ ತಂತ್ರಜ್ಞ

ಮೇಲಿನ ಹಿರಿಯರು ಹೇಳಿದ್ದೆಲ್ಲವೂ ಸರಿ, ಆದರೆ ಅವರು 162 ಎಂಬ ಅಂಕಿಯನ್ನು ನಂಬಿಕೊಂಡು ಮಾತು ಆರಂಭಿಸಿದ್ದಾರೆ. ನಾನಾದರೆ ಮೊದಲು ಆ ಅಂಕಿ ಹೇಗೆ ಬಂತೆಂದು ಕೇಳುತ್ತೇನೆ.

ಸರಿಯಾದ ಕ್ರಮ ಹೀಗೆ. ಹಿಂದಿನ ಮೂರು ದಿನ ಎಂದಿನಂತೆ ಅನ್ನ, ಗಂಜಿ ಉಣ್ಣಬೇಕು. ಪರೀಕ್ಷೆಯಿದೆಯೆಂದು ಹೆದರಿ ಅನ್ನ ಬಿಟ್ಟು ಬಂದರೆ ಅಂಕಿ ಸುಳ್ಳಾಗಿ ಏರಬಹುದು. ರಾತ್ರಿಯಿಂದ ಕನಿಷ್ಠ ಎಂಟು ಗಂಟೆ ಉಪವಾಸ. ಬೆಳಿಗ್ಗೆ ಮೊದಲ ರಕ್ತ ತೆಗೆದ ಮೇಲೆ 75 ಗ್ರಾಂ ಗ್ಲೂಕೋಸನ್ನು ಒಂದು ದೊಡ್ಡ ಲೋಟ ನೀರಿನಲ್ಲಿ ಕರಗಿಸಿ ಐದು ನಿಮಿಷದೊಳಗೆ ಕುಡಿಯಬೇಕು, ಮೊದಲ ಗುಟುಕಿನಿಂದ ಗಡಿಯಾರ ನೋಡಬೇಕು, ಎರಡು ಗಂಟೆ ಕುಳಿತೇ ಇರಬೇಕು. ಸಿಹಿಗೆ ವಾಕರಿಕೆ ಬಂದವರಿಗೆ ನಾವು ನಾಲ್ಕು ಹನಿ ಲಿಂಬೆರಸ ಹಿಂಡಿ ಕೊಡುವುದುಂಟು. ಕುಡಿದದ್ದನ್ನು ವಾಂತಿ ಮಾಡಿದರೆ ಅಂದಿನ ಪರೀಕ್ಷೆ ಅಲ್ಲಿಗೆ ಮುಗಿಯಿತು.

ನಡೆಯುವುದು ಬೇರೆಯೇ. ಲೋಟ ಕೆಳಗಿಟ್ಟು ‘ಈಗ ಬಂದೆ’ ಎಂದು ಮೀನು ಮಾರ್ಕೆಟಿಗೆ ಹೋಗಿ ಬಂಗುಡೆ ಹಿಡಿದುಕೊಂಡು ಬಂದವರನ್ನು ಕಂಡಿದ್ದೇನೆ; ಅಷ್ಟು ನಡೆದವರ ಅಂಕಿ ಇಳಿಯದೆ ಇರುತ್ತದೆಯೇ? ಇನ್ನು ಕೆಲವರು ಎದುರಿನ ಹೋಟೆಲಿನಲ್ಲಿ ಎರಡು ಬನ್ಸ್ ತಿಂದು ಬಂದು, ಆ ಅಂಕಿಯನ್ನೇ ಗ್ಲೂಕೋಸ್ ಪರೀಕ್ಷೆಯದೆಂದು ತಿಳಿಯುತ್ತಾರೆ. ತಿಂಡಿಯ ನಂತರದ ಅಂಕಿಗೂ ಇದಕ್ಕೂ ಹೋಲಿಕೆ ಸಲ್ಲದು. ನಮ್ಮ ಕಡೆಯಿಂದಲೂ ತಪ್ಪಾಗುತ್ತದೆ: ಸಾದಾ ಟ್ಯೂಬಿನಲ್ಲಿ ರಕ್ತವನ್ನು ಹಾಗೆಯೇ ಬಿಟ್ಟರೆ ರಕ್ತಕಣಗಳು ಅದರೊಳಗಿನ ಸಕ್ಕರೆಯನ್ನು ಗಂಟೆಗೆ ಶೇ. 5ರಿಂದ 7ರಷ್ಟು ತಿಂದು ಮುಗಿಸುತ್ತವೆ. ಅದಕ್ಕೇ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬು. ನಿಮ್ಮ ರಕ್ತವನ್ನು ಯಾವ ಟ್ಯೂಬಿಗೆ ಹಾಕಿದರೆಂದು ಮುಂದಿನ ಸಲ ನೋಡಿಕೊಳ್ಳಿ.

ಎಲ್ಲವೂ ಸರಿಯಿದ್ದರೂ ಈ ಅಂಕಿ ದಿನದಿಂದ ದಿನಕ್ಕೆ ಓಲಾಡುವಂಥದ್ದು. ಒಮ್ಮೆ ಐಜಿಟಿ ಬಂದವರಲ್ಲಿ ಅನೇಕರಿಗೆ ಮರುಪರೀಕ್ಷೆಯಲ್ಲಿ ಸಹಜವೆಂದು ಬರುತ್ತದೆ. ಚೆನ್ನೈಯ ಅಧ್ಯಯನದವರು ಎರಡು ಸಲ ಗ್ಲೂಕೋಸ್ ಕುಡಿಸಿ, ಎರಡರಲ್ಲಿಯೂ ಐಜಿಟಿ ಬಂದವರನ್ನಷ್ಟೇ ಸೇರಿಸಿಕೊಂಡದ್ದು ಸುಮ್ಮನೆ ಅಲ್ಲ. ನೀವೂ ಇನ್ನೊಮ್ಮೆ ಮಾಡಿಸಿ, ಆಮೇಲೆ ಮಾತ್ರೆಯ ಮಾತು.

ಉತ್ತರ 3: ಬ್ರಹ್ಮಾವರದ ಓದುಗಳು

ಅಣ್ಣ, ನನಗೂ ಮೂರು ವರ್ಷದ ಹಿಂದೆ ಇದೇ ಅಂಕಿಗಳು ಬಂದಿದ್ದವು. ಸಂಶೋಧನೆಗಳ ಮೇಲೆ ನನಗೆ ಗೌರವವಿದೆ, ಆದರೆ ಅಲ್ಲಿ ಪ್ರತಿ ತಿಂಗಳು ಫೋನ್ ಮಾಡಿ ವಿಚಾರಿಸುವವರು ಇರುತ್ತಾರೆ. ನಮ್ಮ ಮನೆಗಳಲ್ಲಿ ಯಾರಿದ್ದಾರೆ? ಕೇರಳದಲ್ಲಿ 60 ಮತಗಟ್ಟೆ ಪ್ರದೇಶಗಳ 1,007 ಮಂದಿಯನ್ನು ಆಯ್ದು, ಊರಿನವರೇ ನಡೆಸುವ ಗುಂಪುಗಳ ಮೂಲಕ ಇದನ್ನು ಮಾಡಿ ನೋಡಿದರು. 2018ರಲ್ಲಿ ಫಲಿತಾಂಶ ಬಂದಾಗ ಎರಡು ವರ್ಷಗಳಲ್ಲಿ ಮಧುಮೇಹ ಬಂದವರು ಆ ಗುಂಪುಗಳಲ್ಲಿ ಶೇ. 14.9, ಉಳಿದವರಲ್ಲಿ ಶೇ. 17.1, ಆ ವ್ಯತ್ಯಾಸ ಆಕಸ್ಮಿಕವಲ್ಲವೆಂದು ಖಚಿತವಾಗಿ ಹೇಳುವಂತಿರಲಿಲ್ಲ. ನಮ್ಮಂಥದೇ ಮಳೆ, ನಮ್ಮಂಥದೇ ಊಟ ಇರುವ ನಾಡಿನ ಮಾತಿದು, ಆದ್ದರಿಂದ ಶೇ. 58ರ ಆಸೆ ಇಟ್ಟುಕೊಳ್ಳಬೇಡಿ.

ನಾನು ಕಲಿತದ್ದು ಇಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ನಡೆಯುವ ಯೋಜನೆ ಹಾಕಿದರೆ ಅದು ಮೊದಲ ವಾರಕ್ಕೇ ನಿಲ್ಲುತ್ತದೆ. ನಾನು ಊಟವಾದ ಮೇಲೆ ಜಗಲಿಯಲ್ಲೇ ಹದಿನೈದು ನಿಮಿಷ ಅತ್ತಿಂದಿತ್ತ ನಡೆಯುತ್ತೇನೆ, ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ. ಅತ್ತೆಯವರು ಮೊದಲು ನಕ್ಕರು, ಈಗ ಅವರೂ ನಡೆಯುತ್ತಾರೆ. ಕುಚ್ಚಲಕ್ಕಿಯಿಂದ ಸಕ್ಕರೆ ಏರುವುದಿಲ್ಲವೆಂಬ ನಂಬಿಕೆಯನ್ನೂ ಬಿಡಬೇಕಾಯಿತು. ಬೆಳ್ತಿಗೆ ಅಕ್ಕಿಗಿಂತ ಅದು ವಾಸಿ ಇರಬಹುದು, ಆದರೆ ಮೂರು ಸೌಟು ಮೂರು ಸೌಟೇ. ಈಗ ಒಂದೂವರೆ ಸೌಟು ಅನ್ನ, ಉಳಿದ ಹಸಿವಿಗೆ ಹುರುಳಿ ಸಾರು, ಬಸಳೆ ಗಸಿ ಅಥವಾ ಮೀನು. ಕೊನೆಯ ಪರೀಕ್ಷೆಯಲ್ಲಿ ಎರಡು ಗಂಟೆಯ ಅಂಕಿ 138 ಇತ್ತು. ಇದು ನಡಿಗೆಯಿಂದಲೋ, ಮೇಲಿನವರು ಹೇಳಿದ ಓಲಾಟದಿಂದಲೋ, ನನಗೊಬ್ಬಳಿಗೆ ಅದನ್ನು ಬೇರ್ಪಡಿಸಲಾಗದು.

ಉತ್ತರ 4: ಮಂಗಳೂರಿನ ನಿವೃತ್ತ ಉದ್ಯೋಗಿ, ಮತ್ತೊಮ್ಮೆ

ಅಕ್ಕನವರ ಮಾತಿನಲ್ಲಿ ಹುರುಳಿದೆ. ಆದರೂ ಚೆನ್ನೈಯದೇ ಇನ್ನೊಂದು ಅಧ್ಯಯನವನ್ನು ನೆನಪಿಸುತ್ತೇನೆ: ಐಜಿಟಿ ಇದ್ದ 537 ಗಂಡಸರಲ್ಲಿ ಅರ್ಧದಷ್ಟು ಮಂದಿಗೆ ಮೊಬೈಲಿಗೆ ಆಗಾಗ ಎಸ್‌ಎಂಎಸ್ ಕಳುಹಿಸಿದ್ದಷ್ಟೇ ಹೆಚ್ಚುವರಿ ಕೆಲಸ. ಎರಡು ವರ್ಷಗಳಲ್ಲಿ ಅವರಲ್ಲಿ ಶೇ. 18, ಉಳಿದವರಲ್ಲಿ ಶೇ. 27 ಮಂದಿಗೆ ಮಧುಮೇಹ ಬಂತೆಂದು 2013ರಲ್ಲಿ ವರದಿಯಾಯಿತು. ವಿಚಾರಿಸುವವರು ಮನೆಗೇ ಬರಬೇಕೆಂದೇನೂ ಇಲ್ಲ.

ಪ್ರಶ್ನೆ ಕೇಳಿದವರಿಗೆ ಒಂದು ಮಾತು: ಸಹಿ ಹಾಕುವ ಮೊದಲು ಒಪ್ಪಿಗೆಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ. ನೈತಿಕ ಸಮಿತಿಯ ಅನುಮತಿ, ಸಿಟಿಆರ್‌ಐ (ದೇಶದಲ್ಲಿ ನಡೆಯುವ ಇಂಥ ಅಧ್ಯಯನಗಳ ಸಾರ್ವಜನಿಕ ದಾಖಲೆ) ನೋಂದಣಿ ಸಂಖ್ಯೆ, ನಡುವೆ ಕಾಯಿಲೆ ಕಂಡರೆ ಏನು ಮಾಡುತ್ತಾರೆ ಎಂಬ ವಿವರ ಅದರಲ್ಲಿ ಇವೆಯೇ ನೋಡಿ. ಕಾರಣ ಹೇಳದೆಯೇ ಯಾವಾಗ ಬೇಕಾದರೂ ಹೊರಬರುವ ಹಕ್ಕು ನಿಮಗಿದೆ, ಅದರಿಂದ ನಿಮ್ಮ ಚಿಕಿತ್ಸೆಗೆ ತೊಂದರೆಯಾಗಬಾರದು.

ಕಟಪಾಡಿಯ ಓದುಗ

ಎಲ್ಲರಿಗೂ ಕೃತಜ್ಞ. ಟೇಪು ಹಿಡಿದು ಅಳೆದೆ, 93 ಬಂತು. ಪ್ಯಾಂಟು 34 ಇಂಚು ಎಂಬ ಸಮಾಧಾನ ಅಲ್ಲಿಗೆ ಮುಗಿಯಿತು. ಅಧ್ಯಯನದವರನ್ನು ಕೇಳಿ ಕನ್ನಡದ ಪತ್ರ ತಂದಿದ್ದೇನೆ. ಎರಡನೆಯ ಗುಂಪಿನವರಿಗೂ ಆರು ತಿಂಗಳಿಗೊಮ್ಮೆ ಉಚಿತ ತಪಾಸಣೆ, ಎರಡು ವರ್ಷ ಮುಗಿದ ಮೇಲೆ ಅದೇ ಮಾರ್ಗದರ್ಶನ ಎಂದು ಅದರಲ್ಲಿದೆ, ನೋಂದಣಿ ಸಂಖ್ಯೆಯೂ ಇದೆ. ಸೇರಿಸಿಕೊಳ್ಳುವ ಮೊದಲು ಅವರೇ ಇನ್ನೊಮ್ಮೆ ಗ್ಲೂಕೋಸ್ ಕುಡಿಸುತ್ತಾರಂತೆ. ಕಳೆದ ಸಲ ಆ ಎರಡು ಗಂಟೆಯ ನಡುವೆ ನಾನು ಬ್ಯಾಂಕಿಗೆ ಹೋಗಿ ಬಂದಿದ್ದೆ ಎಂಬುದು ಈಗ ನೆನಪಾಗುತ್ತಿದೆ, ಆದ್ದರಿಂದ 162 ಸಹ ಕಡಿಮೆಯೇ ಇರಬಹುದು. ಬುಧವಾರ ಬೆಳಿಗ್ಗೆ ಏಳೂವರೆಗೆ ಬರಹೇಳಿದ್ದಾರೆ.