ಮಗಳ ಹಳೇ ಪಿಯಾನೊ ಪುಸ್ತಕದಲ್ಲಿ ಬಾಖ್, ಹೊಸದರಲ್ಲಿ ಪೆಟ್ಸೋಲ್ಡ್. ಯಾವುದು ಸರಿ?

ಕರಿಬಿಳಿಮನೆ:
ಮಗಳಿಗೆ ಒಂಬತ್ತು ವರ್ಷ. ಎರಡು ವರ್ಷದಿಂದ ಪಿಯಾನೊ ಕಲಿಯುತ್ತಿದ್ದಾಳೆ (ಮನೆಯಲ್ಲಿರುವುದು ಕೀಬೋರ್ಡ್ ಅಷ್ಟೇ). ಮುಂದಿನ ತಿಂಗಳು ಕ್ಲಾಸಿನ ಮಕ್ಕಳ ಕಾರ್ಯಕ್ರಮ ಇದೆ. ಇವಳು ನುಡಿಸುವುದು ಜಿ ಮೇಜರ್ ಮಿನುಯೆಟ್ (ಹಳೇ ನೃತ್ಯದ ಧಾಟಿಯ ಚಿಕ್ಕ ತುಣುಕು). ಆಟಿಕೆಯಲ್ಲಿ, ರಿಂಗ್‌ಟೋನಿನಲ್ಲಿ ನೀವೆಲ್ಲ ಕೇಳಿರುತ್ತೀರಿ. ನನ್ನ ಅಣ್ಣನ ಕಾಲದ ಪುಸ್ತಕದಲ್ಲಿ ಅದರ ಮೇಲೆ ಜೆ. ಎಸ್. ಬಾಖ್ (ಜರ್ಮನಿಯ ಹೆಸರಾಂತ ಸಂಗೀತ ರಚನಾಕಾರ) ಅಂತ ಇದೆ. ಹೊಸದರಲ್ಲಿ ಕ್ರಿಸ್ಟಿಯಾನ್ ಪೆಟ್ಸೋಲ್ಡ್. ಎರಡರಲ್ಲೂ "ಬಿಡಬ್ಲ್ಯೂವಿ ಅನ್‌ಹಾಂಗ್ 114" ಅಂತ ಒಂದೇ ನಂಬರು. ಒಂದು ಸ್ವರವೂ ಬದಲಾಗಿಲ್ಲ. ಬಾಖ್ ನುಡಿಸ್ತಾಳೆ ಅಂತ ಹೇಳಿ ನೆಂಟರನ್ನೆಲ್ಲ ಕರೆದಾಗಿದೆ. ನಿರೂಪಣೆಯ ಚೀಟಿ ನಾನೇ ಬರೆಯಬೇಕು. ಯಾರ ಹೆಸರು ಹಾಕಲಿ?

ಮೂರುಕಾಲು:
ಪೆಟ್ಸೋಲ್ಡ್. ಅನ್‌ಹಾಂಗ್ ಅಂದರೆ ಅನುಬಂಧ. 1950ರಲ್ಲಿ ಶ್ಮೀಡರ್ ಅವರು ಬಾಖ್ ಕೃತಿಗಳ ಪಟ್ಟಿ (ಅದೇ ಬಿಡಬ್ಲ್ಯೂವಿ) ಮಾಡಿದಾಗ ಅನುಮಾನ ಇದ್ದ ಹಲವನ್ನು ಹಿಂದಕ್ಕೆ ತಳ್ಳಿದರು. ನಿಮ್ಮ ಮಿನುಯೆಟ್ ಆಗಲೇ ಹಿಂದಿನ ಬೆಂಚಿನಲ್ಲಿತ್ತು. ಅಂದ ಹಾಗೆ ಆ ನಂಬರುಗಳು ಬರೆದ ವರ್ಷದ ಕ್ರಮದಲ್ಲಿಲ್ಲ. 1ನೇ ನಂಬರಿನ ಕಂಟಾಟಾ (ಚರ್ಚಿನಲ್ಲಿ ವಾದ್ಯಗಳ ಜೊತೆ ಹಾಡುವ ದೊಡ್ಡ ರಚನೆ) ಮೊದಲು ಹಾಡಿದ್ದು 1725ರ ಮಾರ್ಚ್ 25ಕ್ಕೆ. ಬಾಖ್‌ಗೆ ನಲವತ್ತು ತುಂಬಿ ನಾಲ್ಕು ದಿನ ಆಗಿತ್ತು.

ಬಿಕ್ಕಲಂ:
ನಾನು ಸಂಗೀತ ಕಲಿತವನಲ್ಲಮ್ಮ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ 31 ವರ್ಷ ಇದ್ದು ನಿವೃತ್ತನಾದವನು. ಆದರೆ ನಿಮ್ಮ ಪ್ರಶ್ನೆ ನಮ್ಮ ಕಚೇರಿಯದ್ದೇ. ಹಳೇ ಕ್ರಯಪತ್ರಗಳ ಕೊನೆಯಲ್ಲಿ "ಬಿಕ್ಕಲಂ" ಅಂತ ಒಂದು ಹೆಸರು ಇರುತ್ತದೆ. ಪತ್ರ ಬರೆದವನ ಹೆಸರು ಅದು. ಜಮೀನು ಅವನದಲ್ಲ. ಇಲ್ಲಿ ಎಡವಟ್ಟು ಆಗಿದ್ದೂ ಅಲ್ಲೇ.

ಬಾಖ್ ಎರಡನೇ ಹೆಂಡತಿ ಆನಾ ಮಾಗ್ದಲೇನಾ. ಮದುವೆಗೆ ಮುಂಚೆ ಕ್ಯೋಥನ್ ಅರಮನೆಯಲ್ಲಿ ಸಂಬಳದ ಗಾಯಕಿಯಾಗಿದ್ದವರು. ಅವರದೊಂದು ನೋಟ್‌ಬುಕ್ ಇದೆ, ಮುಖಪುಟದಲ್ಲಿ ಚಿನ್ನದ ಅಕ್ಷರದಲ್ಲಿ ಅವರ ಇನಿಷಿಯಲ್, 1725. ಅದರಲ್ಲಿ ಆಕೆ ತನಗೆ, ಮಕ್ಕಳಿಗೆ ಬೇಕಾದದ್ದನ್ನು ಬರೆದುಕೊಂಡರು. ನಮ್ಮಮ್ಮ ದೇವರನಾಮದ ಪುಸ್ತಕ ಇಟ್ಟಿದ್ದ ಹಾಗೆ. ಅಮ್ಮ ದಾಸರ ಅಂಕಿತವನ್ನಾದರೂ ಬಿಡುತ್ತಿರಲಿಲ್ಲ. ಈಕೆ ಬಹಳ ಕಡೆ ಯಾರ ರಚನೆ ಅಂತ ಬರೆಯಲೇ ಇಲ್ಲ. ಮನೆಯವರಿಗೆಲ್ಲ ಗೊತ್ತಿದ್ದ ವಿಷಯ, ಬರೆದುಕೊಳ್ಳುವುದು ಯಾಕೆ? ಬಾಖ್ ಮನೆಯ ಪುಸ್ತಕ ಅಂದ ಮೇಲೆ ಒಳಗಿರುವುದೆಲ್ಲ ಬಾಖ್‌ನದ್ದೇ ಅಂತ ಆಮೇಲಿನವರು ಖಾತೆ ಮಾಡಿಕೊಟ್ಟುಬಿಟ್ಟರು. ಈ ಮಿನುಯೆಟ್ಟೂ ಇದರ ಪಕ್ಕದ ಜಿ ಮೈನರ್ ಮಿನುಯೆಟ್ಟೂ ಪೆಟ್ಸೋಲ್ಡ್‌ನ ಒಂದು ಹಾರ್ಪ್ಸಿಕಾರ್ಡ್ ಸೂಟ್‌ನವು (ಪಿಯಾನೊಗಿಂತ ಹಳೇ ಕೀಲಿಮಣೆ ವಾದ್ಯಕ್ಕೆ ಬರೆದ ನೃತ್ಯ ತುಣುಕುಗಳ ಸರಣಿ) ಅಂತ ಗೊತ್ತಾಗಿದ್ದು 1970ರ ದಶಕದಲ್ಲಿ. ಅಣ್ಣನ ಪುಸ್ತಕದ ತಪ್ಪೇನಿಲ್ಲ, ಸುದ್ದಿ ಅಚ್ಚಿಗೆ ಬರುವುದು ನಿಧಾನ.

ಪೆಟ್ಸೋಲ್ಡ್ ಪರಕೀಯನೂ ಅಲ್ಲ. ಡ್ರೆಸ್ಡೆನ್‌ನ ಸೋಫಿಯಾ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವನು. ಅದೇ 1725ರ ಸೆಪ್ಟೆಂಬರಿನಲ್ಲಿ ಬಾಖ್ ಅಲ್ಲಿಗೆ ಹೋಗಿ ಕಛೇರಿ ಕೊಟ್ಟರು. 1733ರಲ್ಲಿ ಪೆಟ್ಸೋಲ್ಡ್ ತೀರಿಕೊಂಡ ಮೇಲೆ ಆ ಕೆಲಸ ಸಿಕ್ಕಿದ್ದು ಯಾರಿಗೆ? ಬಾಖ್‌ನ ಹಿರಿಮಗ ವಿಲ್ಹೆಲ್ಮ್ ಫ್ರೀಡ್‌ಮನ್‌ಗೆ!

ನನಗೆ ಇದರ ಹುಚ್ಚು ಹಿಡಿಸಿದ್ದು ಮಾತ್ರ ಇನ್ನೊಂದು ಪ್ರಕರಣ. ಬಾಖ್ ಕಂಟಾಟಾಗಳ ಕಾಲ ಹಿಡಿದದ್ದು. 19ನೇ ಶತಮಾನದಲ್ಲಿ ಸ್ಪಿಟ್ಟಾ ಎರಡು ದಪ್ಪ ಸಂಪುಟಗಳಲ್ಲಿ ಬಾಖ್ ಜೀವನ ಬರೆದರು. ಕಾಗದದ ವಾಟರ್‌ಮಾರ್ಕ್ ಕೂಡ ನೋಡಿದ್ದರು. ಆದರೂ ಕೋರಲ್ ಕಂಟಾಟಾಗಳು (ಚರ್ಚಿನ ಭಕ್ತಿಗೀತೆಗಳ ಮೇಲೆ ಕಟ್ಟಿದವು) 1735ರ ಈಚೆಯವು ಅಂದರು. 1950ರ ದಶಕದಲ್ಲಿ ಡ್ಯುರ್ ಮತ್ತು ಡಾಡಲ್ಸನ್ ಎಂಬ ಇಬ್ಬರು ವಾಟರ್‌ಮಾರ್ಕ್ ಜೊತೆಗೆ ಕೈಬರಹವನ್ನೂ ಇಟ್ಟು ತಾಳೆ ಹಾಕಿದರು. ಬಾಖ್ ಸ್ಕೋರ್ (ಎಲ್ಲರ ಸ್ವರಗಳೂ ಒಟ್ಟಿಗಿರುವ ಪ್ರತಿ) ಬರೆದರೆ ಒಬ್ಬೊಬ್ಬ ವಾದ್ಯದವನಿಗೂ ನಕಲು ತೆಗೆಯುತ್ತಿದ್ದದ್ದು ಲೈಪ್‌ಜಿಗ್‌ನಲ್ಲಿ ಬಾಖ್ ಕೆಲಸ ಮಾಡುತ್ತಿದ್ದ ತೋಮಸ್ ಶಾಲೆಯ ಹುಡುಗರು. ಮುಖ್ಯ ನಕಲುಗಾರನಿಗೆ ಮೊದಲು ಸುಮ್ನೆ "ಎ" ಅಂತ ಹೆಸರಿಟ್ಟಿದ್ದರು. ಆಮೇಲೆ ಅವನು ಕೂನೌ ಎಂಬ ವಿದ್ಯಾರ್ಥಿ ಅಂತ ತಿಳಿಯಿತು. ಹುಡುಗ ಊರು ಬಿಟ್ಟರೆ ಕಾಗದದಿಂದ ಅವನ ಕೈಯೂ ಮಾಯ. ಹಾಗೆ ಲೆಕ್ಕ ಹಾಕುತ್ತಾ ಬಂದರೆ ಆ ಕಂಟಾಟಾಗಳು 1724-25ಕ್ಕೆ ಹೋಗಿ ನಿಂತವು. ಹೆಚ್ಚುಕಡಿಮೆ ವಾರಕ್ಕೊಂದು! ವಯಸ್ಸಾಗುವವರೆಗೂ ನಿಧಾನವಾಗಿ ಚರ್ಚಿಗೆ ಬರೆಯುತ್ತಾ ಕೂತಿದ್ದ ಬಾಖ್ ಎಂಬ ಚಿತ್ರವೇ ತಲೆಕೆಳಗಾಯಿತು. ಲೈಪ್‌ಜಿಗ್‌ಗೆ ಬಂದ ಮೊದಲ ಕೆಲವೇ ವರ್ಷಗಳಲ್ಲಿ ಬಹುಪಾಲು ಮುಗಿದಿತ್ತು. ಒಂದು ಅಕ್ಷರದ ಬಾಲ ನೋಡಿ ಇಷ್ಟೆಲ್ಲ. ನಮ್ಮ ರೆಕಾರ್ಡ್ ರೂಮಿನಲ್ಲಿ ಇಂಥವರು ಇಬ್ಬರು ಇದ್ದಿದ್ದರೆ!

ಓದುಗ_77:
ಸರ್, ಹೆಂಡತಿಯ ಕೈಬರಹದಲ್ಲಿದ್ದರೆ ಹೆಂಡತಿಯೇ ರಚಿಸಿರಬಹುದಲ್ವಾ? ಬಾಖ್‌ನ ಚೆಲ್ಲೊ (ದೊಡ್ಡ ಪಿಟೀಲಿನಂಥ ವಾದ್ಯ) ಸೂಟ್‌ಗಳೂ ಆಕೆಯವೇ ಅಂತ ಎಲ್ಲೋ ನೋಡಿದೆ.

ಬಿಕ್ಕಲಂ:
ಅದೂ ಬಿಕ್ಕಲಂ ಕತೆಯೇ. ಚೆಲ್ಲೊ ಸೂಟ್‌ಗಳ ಬಾಖ್ ಹಸ್ತಪ್ರತಿ ಉಳಿದಿಲ್ಲ. ಆಕೆಯ ನಕಲು ಉಳಿದಿದೆ. ಅವರ ಬರಹ ಗಂಡನ ಬರಹಕ್ಕೆ ಎಷ್ಟು ಹತ್ತಿರ ಅಂದರೆ ಹಿಂದೆ ಗಂಡನದ್ದೇ ಅಂದುಕೊಂಡವರಿದ್ದರು. ಆಕೆಯೇ ರಚಿಸಿದರು ಅನ್ನುವುದನ್ನು ಬಾಖ್ ವಿದ್ವಾಂಸರು ಒಪ್ಪಿಲ್ಲ, ನಕಲು ಮಾಡಿದ್ದಕ್ಕಿಂತ ಜಾಸ್ತಿ ಪುರಾವೆ ಬೇಕಲ್ಲ. ಆದರೆ ಆಕೆ ಬರೆದಿಡದಿದ್ದರೆ ಇವತ್ತು ನಮ್ಮ ಹತ್ತಿರ ಇರುವುದು ಎಷ್ಟು ಕಡಿಮೆ ಆಗುತ್ತಿತ್ತು ನೋಡಿ. ಗಂಡ ಹೋಗಿ ಹತ್ತು ವರ್ಷಕ್ಕೆ, 1760ರಲ್ಲಿ, ಬಡತನದಲ್ಲೇ ತೀರಿಕೊಂಡರು.

ಕರಿಬಿಳಿಮನೆ:
ಮಗಳಿಗೆ ಓದಿ ಹೇಳಿದೆ. ಚೀಟಿ ಅವಳೇ ಬರೆದಳು: "ರಚನೆ: ಪೆಟ್ಸೋಲ್ಡ್. ಬಿಕ್ಕಲಂ: ಆನಾ ಮಾಗ್ದಲೇನಾ ಬಾಖ್." ನೆಂಟರಿಗೆ ಹೇಳಿದ್ದು ಪೂರ್ತಿ ಸುಳ್ಳಾಗಲಿಲ್ಲ, ಬಾಖ್ ಅಂತೂ ಇದ್ದಾರೆ.

ಮೂರುಕಾಲು:
ಟೈಮ್ ಇದ್ದರೆ ಆ ಜಿ ಮೈನರ್‌ದನ್ನೂ ಕಲಿಸಿ. ಅವೆರಡು ಜೋಡಿ. ಮೇಜರ್, ಮೈನರ್, ಮತ್ತೆ ಮೇಜರ್ ಅಂತ ನುಡಿಸಬೇಕು. ಕೊನೆಯ ಸಲ ಪುನರಾವರ್ತನೆ ಬೇಡ.