ಪಿಕೋದಿಂದ ಮಾಡಿದ ಪ್ರೋಗ್ರಾಮರ್ ಒಂದ್ಸಲ ಫ್ಲ್ಯಾಶ್ ಮಾಡಿ ಆಮೇಲೆ ಚಿಪ್ಪನ್ನೇ ಗುರುತಿಸ್ತಿಲ್ಲ

ಬ್ಲೂಪಿಲ್_ಹೊಸಬ:
ಎಲ್ರಿಗೂ ನಮಸ್ಕಾರ. ರಾಸ್ಪ್‌ಬೆರಿ ಪೈ ಪಿಕೋಗೆ (ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್) ಡೀಬಗ್‌ಪ್ರೋಬ್ ಫರ್ಮ್‌ವೇರ್ ಹಾಕಿ ಬ್ಲೂ ಪಿಲ್ ಬೋರ್ಡಿಗೆ (ಎಸ್‌ಟಿಎಂ32ಎಫ್103 ಚಿಪ್ ಇರೋದು) ಮನೇಲೇ ಪ್ರೋಗ್ರಾಮರ್, ಅಂದ್ರೆ ಚಿಪ್ಪಿಗೆ ಕೋಡ್ ತುಂಬೋ ಸಾಧನ, ಮಾಡ್ಕೊಂಡಿದೀನಿ. ಜಿಪಿ2 ಕ್ಲಾಕಿಗೆ, ಜಿಪಿ3 ಡೇಟಾಗೆ, ಆಮೇಲೆ ಗ್ರೌಂಡ್, ಎರಡೂ 3.3 ವೋಲ್ಟೇ ಆದ್ರಿಂದ ವೋಲ್ಟೇಜ್ ಹೊಂದಿಸೋ ಲೆವೆಲ್ ಶಿಫ್ಟರ್ ಹಾಕಿಲ್ಲ. ಕ್ಯೂಬ್‌ಎಂಎಕ್ಸ್ (ಎಸ್‌ಟಿಎಂ32 ಚಿಪ್ಪಿಗೆ ಶುರುವಿನ ಕೋಡ್ ತಯಾರಿಸೋ ಸಾಫ್ಟ್‌ವೇರ್) ಪ್ರಾಜೆಕ್ಟಿನ ಬ್ಲಿಂಕ್ ಕೋಡ್ ಮೊದಲ್ನೇ ಸಲ ಸಲೀಸಾಗಿ ಹೋಯ್ತು, ಎಲ್‌ಇಡಿ ಈಗ್ಲೂ ಮಿನುಗ್ತಿದೆ, ಆದ್ರೆ ಅಲ್ಲಿಂದಾಚೆ ಓಪನ್‌ಓಸಿಡಿ (ಕಂಪ್ಯೂಟರಿಂದ ಚಿಪ್ ಜೊತೆ ಮಾತಾಡೋ ಸಾಫ್ಟ್‌ವೇರ್) ಕನೆಕ್ಟೇ ಆಗ್ತಿಲ್ಲ. ವೈರ್ ಬದಲಾಯ್ಸಿದ್ರೂ ಅಷ್ಟೇ. ಚಿಪ್ ಹೋಯ್ತಾ, ಇಲ್ಲಾ ರೆಡಿಮೇಡ್ ಪ್ರೋಗ್ರಾಮರ್ ಎಸ್‌ಟಿ-ಲಿಂಕೇ ತಗೋಬೇಕಾ?

ಬೆಸುಗೆಕಡ್ಡಿ:
ಏನೂ ತಗೋಬೇಡಿ, ಎಲ್‌ಇಡಿ ಮಿನುಗ್ತಿದೆ ಅಂದ್ಮೇಲೆ ಚಿಪ್ ಚೆನ್ನಾಗೇ ಇದೆ. ನಿಮ್ಮ ಕೋಡೇ ಒಳಗಿಂದ ಬಾಗಿಲು ಹಾಕ್ಕೊಂಡಿರತ್ತೆ. ಕ್ಯೂಬ್‌ಎಂಎಕ್ಸ್‌ನಲ್ಲಿ ಸಿಸ್ ಅನ್ನೋ ಕಡೆ ಡೀಬಗ್ ಆಯ್ಕೆ 'ನೋ ಡೀಬಗ್' ಅಂತಾನೇ ಇದ್ರೆ, ಎಫ್1 ಚಿಪ್ಪುಗಳಿಗೆ ಅದು ಡೀಬಗ್ ಪೋರ್ಟನ್ನ (ಪ್ರೋಗ್ರಾಮರ್ ಕನೆಕ್ಟ್ ಆಗೋ ದಾರಿ) ಪೂರ್ತಿ ಆಫ್ ಮಾಡೋ ಸಾಲನ್ನ ಸೇರಿಸಿಬಿಡತ್ತೆ, ಹಾಗಾಗಿ ಕೋಡ್ ಓಡಿದ ಕೂಡ್ಲೇ ಆ ಪೋರ್ಟಿನ ಪಿಎ13, ಪಿಎ14 ಮಾಮೂಲಿ ಪಿನ್ ಆಗೋಗತ್ತೆ, ಆಮೇಲೆ ಯಾವ ಪ್ರೋಗ್ರಾಮರ್ ಹಾಕಿದ್ರೂ ಮಾಮೂಲಿಯಾಗಿ ಕನೆಕ್ಟ್ ಆಗಲ್ಲ.

ಬೂಟ್0 ಜಂಪರನ್ನ 1ಕ್ಕೆ ಹಾಕಿ ರಿಸೆಟ್ ಒತ್ತಿ. ಆಗ ಚಿಪ್ ತನ್ನದೇ ಬೂಟ್‌ಲೋಡರಿಗೆ ಹೋಗತ್ತೆ, ನಿಮ್ಮ ಕೋಡ್ ಓಡಲ್ಲ, ಪೋರ್ಟ್ ತೆರೆದೇ ಇರತ್ತೆ. ಕ್ಯೂಬ್‌ಎಂಎಕ್ಸ್‌ನಲ್ಲಿ 'ಸೀರಿಯಲ್ ವೈರ್' ಆರಿಸಿ ಮತ್ತೆ ಬಿಲ್ಡ್ ಮಾಡಿ, ಫ್ಲ್ಯಾಶ್ ಮಾಡಿ, ಜಂಪರ್ ವಾಪಸ್ 0ಗೆ.

ತಂತಿಗಂಟು:
ಮೇಲಿನವ್ರು ಹೇಳಿದ್ದೇ ಸರಿ. ಇನ್ನೊಂದು ನೋಡ್ಕೊಳಿ, ಅಗ್ಗದ ಬ್ಲೂ ಪಿಲ್‌ಗಳಲ್ಲಿ ಎಷ್ಟೋ ಸಲ ಕ್ಲೋನ್ ಚಿಪ್ ಇರತ್ತೆ, ಐಡಿಕೋಡ್ (ಚಿಪ್ಪಿನ ಗುರುತಿನ ನಂಬರ್) 1ಬಿಎ01477 ಬದಲು 2ಬಿಎ01477 ಅಂತ ತೋರ್ಸಿ ಓಪನ್‌ಓಸಿಡಿ ಗಲಾಟೆ ಮಾಡಿದ್ರೆ ಕಾನ್ಫಿಗ್‌ನಲ್ಲಿ ಆ ನಂಬರ್ ಬದಲಾಯ್ಸಬೇಕು. ವೈರ್ ಉದ್ದ ಇದ್ರೆ ಸ್ಪೀಡೂ 1000 ಕಿಲೋಹರ್ಟ್ಸ್‌ಗೆ ಇಳ್ಸಿ.

ಬ್ಲೂಪಿಲ್_ಹೊಸಬ:
ಬಂತು ಬಂತು! 'ನೋ ಡೀಬಗ್' ಅಂತಾನೇ ಇತ್ತು. ತುಂಬಾ ಥ್ಯಾಂಕ್ಸ್ ಇಬ್ರಿಗೂ. ಡೀಬಗರ್ ಜಿಡಿಬಿಲಿ ಬ್ರೇಕ್‌ಪಾಯಿಂಟಲ್ಲೂ (ಕೋಡನ್ನ ನಡುವೆ ತಡೆಯೋ ಜಾಗ) ನಿಲ್ತಿದೆ, ಎಷ್ಟು ಬೇಕಾದ್ರೂ ಇಡಬೋದಾ?

ಬೆಸುಗೆಕಡ್ಡಿ:
ಫ್ಲ್ಯಾಶಲ್ಲಿರೋ ಕೋಡಿಗೆ ಹಾರ್ಡ್‌ವೇರ್ ಬ್ರೇಕ್‌ಪಾಯಿಂಟೇ ಬೇಕು, ಈ ಚಿಪ್ಪಲ್ಲಿ ಅವು 6 ಮಾತ್ರ, ಬೇಡದ್ದನ್ನ ಅಳಿಸ್ತಾ ಇರಿ. ಹಾಗೇ ಪಿಕೋದ ಜಿಪಿ4ನ ಪಿಎ10ಕ್ಕೆ, ಜಿಪಿ5ನ ಪಿಎ9ಕ್ಕೆ ಕೊಟ್ರೆ ಅದೇ ಯುಎಸ್‌ಬಿ ಕೇಬಲ್ಲಲ್ಲಿ ಸೀರಿಯಲ್ ಪೋರ್ಟೂ ಸಿಗತ್ತೆ, ಕೋಡ್ ಕಳ್ಸೋ ಪ್ರಿಂಟ್‌ಎಫ್ ಮೆಸೇಜ್ ನೋಡೋಕೆ ಬೇರೆ ಬೋರ್ಡ್ ಬೇಡ.