ಹೊಸ ರಿಸೀವರ್ ತಗೋಬೇಕು: ಹಳೇ ಕಂಪನಿಯನ್ನೇ ನೆಚ್ಕೊಳ್ಳೋದಾ?

ಕೇಳಿದವರು, ಮೈಸೂರು: ಹಾಲ್ 14x12 ಅಡಿ, 5.1 ಸ್ಪೀಕರ್ ಸೆಟ್ (ಐದು ಸ್ಪೀಕರ್, ಒಂದು ಸಬ್‌ವೂಫರ್) ಇದೆ. ಟಿವಿ ಸದ್ದನ್ನ ಸ್ಪೀಕರ್‌ಗಳಿಗೆ ಹಂಚುತ್ತಾ ಹನ್ನೊಂದು ವರ್ಷ ದುಡಿದ ರಿಸೀವರ್ ಕಳೆದ ತಿಂಗಳು ಕೈಕೊಟ್ಟಿತು. ಅಪ್ಪ "ಅದೇ ಕಂಪನೀದೇ ತಗೋ" ಅಂತಾರೆ. ಗೆಳೆಯ ಡೆನಾನ್ ಅಂತಾನೆ, ಅಂಗಡಿಯವರು ಯಮಾಹಾ ಅಂತಾರೆ. ಬಳಸಿದವರು ಹೇಳಿ.

ಶಿವಮೊಗ್ಗ: ಕಣ್ಣು ಮುಚ್ಚಿಕೊಂಡು ಯಮಾಹಾ. 2013ರಿಂದ ನಮ್ಮನೇಲಿದೆ, ಇವತ್ತಿಗೂ ಒಂದು ಸ್ಕ್ರೂ ಬಿಚ್ಚಿಲ್ಲ. 1887ರಲ್ಲಿ ರೀಡ್ ಆರ್ಗನ್ ರಿಪೇರಿಯಿಂದ ಶುರುವಾದ ಕಂಪನಿ ಸ್ವಾಮಿ, ನಮ್ಮ ಹಾರ್ಮೋನಿಯಂನ ಅಣ್ಣ ಅದು. ಅವರಿಗೆ ಸ್ವರ ಗೊತ್ತಿಲ್ಲದೆ ಇನ್ಯಾರಿಗೆ?

ಬೆಂಗಳೂರು: ಆರ್ಗನ್ ಕಥೆ ಚೆನ್ನಾಗಿದೆ, ಆದರೆ ಆ ಕೈಚಳಕ ಎಚ್‌ಡಿಎಂಐ (ಒಂದೇ ಕೇಬಲ್‌ನಲ್ಲಿ ಚಿತ್ರ, ಸದ್ದು ಒಯ್ಯೋ ಸಂಪರ್ಕ) ಚಿಪ್‌ಗೆ ಇಳಿಯಲ್ಲ. 2020ರ ಕೊನೆಯಲ್ಲಿ ಎಚ್‌ಡಿಎಂಐ 2.1 ಅಂತ ಬಂದ ರಿಸೀವರ್‌ಗಳಿಗೆ ಗೇಮ್ ಆಡೋ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಜೋಡಿಸಿ 4ಕೆ 120 ಹರ್ಟ್ಸ್ (ಸೆಕೆಂಡಿಗೆ 120 ಸಲ ಬದಲಾಗೋ 4ಕೆ ಚಿತ್ರ) ಹಾಕಿದರೆ ಟಿವಿ ಕಪ್ಪಾಗ್ತಿತ್ತು. ಡೆನಾನ್, ಮರಾಂಟ್ಜ್, ಯಮಾಹಾ ಮೂರರಲ್ಲೂ ಅದೇ ಗೋಳು, ಯಾಕಂದ್ರೆ ಒಳಗಿನ ಚಿಪ್ ಬಂದದ್ದು ಒಂದೇ ಕಡೆಯಿಂದ. ಡೆನಾನ್‌ನವರು ಮಧ್ಯೆ ಸಿಕ್ಕಿಸೋಕೆ ಪುಟ್ಟ ಡಬ್ಬಿ ಕೊಟ್ಟರು, ಯಮಾಹಾದವರು ಬೋರ್ಡನ್ನೇ ಬದಲಿಸಿಕೊಟ್ಟರು. ನಾನು ನೋಡೋದು ಅದನ್ನ: ಕೆಟ್ಟಾಗ ಏನು ಮಾಡಿದರು?

ಇನ್ನು ನಿಷ್ಠೆ ಯಾರಿಗೆ ಅಂತ? ಡೆನಾನ್, ಮರಾಂಟ್ಜ್ 2002ರಿಂದ ಒಂದೇ ಸೂರಿನಡಿ ಇವೆ. ಕೋಣೆಗೆ ತಕ್ಕಂತೆ ಸದ್ದು ಹೊಂದಿಸೋ ಔಡಿಸಿ, ನೆಟ್‌ನಿಂದ ಹಾಡು ನುಡಿಸೋ ಹಿಯೋಸ್ ಎರಡರಲ್ಲೂ ಉಂಟು. ಮನೆಯ ಯಜಮಾನರು ಮಾತ್ರ ಬದಲಾಗ್ತಾನೇ ಇದ್ದಾರೆ, 2025ರಲ್ಲಿ ಹರ್ಮನ್ ತಗೊಂಡಿತು. ಒಂಕ್ಯೋ ಮೂಲ ಕಂಪನಿ 2022ರಲ್ಲಿ ದಿವಾಳಿಯಾಯ್ತು, ಹೆಸರು ಬೇರೆಯವರ ಕೈಲಿ ಬದುಕಿದೆ. ನಿಮ್ಮಪ್ಪ ನೆಚ್ಚಿದ ಹೆಸರಿನ ಹಿಂದೆ ಈಗ ಯಾರಿದ್ದಾರೆ, ಒಮ್ಮೆ ನೋಡಿ.

ಡಬ್ಬದ ಮೇಲಿನ ವ್ಯಾಟ್ ಓದಿ ಮರುಳಾಗಬೇಡಿ. ದೊಡ್ಡ ಅಂಕಿ ಹೆಚ್ಚಾಗಿ ಒಂದೇ ಚಾನೆಲ್‌ದು, ಅದೂ 10% ಡಿಸ್ಟಾರ್ಷನ್ (ಸದ್ದು ಕೆಡೋದು) ಒಪ್ಪಿಕೊಂಡು ಬರೆದದ್ದು. "ಎರಡು ಚಾನೆಲ್, 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್" ಅಂತಿರೋ ಸಾಲು ಹುಡುಕಿ. ವ್ಯಾಟ್ ಎರಡರಷ್ಟಾದರೂ ಸದ್ದು ಏರೋದು 3 ಡೆಸಿಬೆಲ್ ಅಷ್ಟೇ. ನಿಮ್ಮ ಹಾಲ್‌ಗೆ 80 ವ್ಯಾಟ್ ಧಾರಾಳ.

ಹುಬ್ಬಳ್ಳಿ: ನಂದೊಂದ್ ಕೇಳ್ರಿ, ಕಂಪನಿ ಹೆಸರ ಹೇಳಂಗಿಲ್ಲ. ಎರಡ ವರ್ಷಕ್ಕ ಎಚ್‌ಡಿಎಂಐ ಬೋರ್ಡ್ ಹೋತು. ಇಲ್ಲೆ ಸರ್ವಿಸ್ ಇಲ್ಲ, ಬೆಂಗಳೂರಿಗೆ ಒಯ್ರಿ ಅಂದ್ರು. ಥರ್ಮಾಕೋಲ್ ದೀಪಾವಳಿ ಸ್ವಚ್ಛ ಮಾಡುಮುಂದ ಮನ್ಯಾಗ ಒಗದುಬಿಟ್ಟಿದ್ರು. ಹತ್ತ ಕೆಜಿ ಡಬ್ಬಿ ಕೌದ್ಯಾಗ ಸುತ್ತಿ, ರಾತ್ರಿ ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಂಡು ಹೋದೆ. ಬಾಜೂದವ್ರು "ಕೂಸೇನ್ರೀ?" ಅಂದ್ರು. ರಿಪೇರಿ ಆಗಿ ಬರೂದ್ರಾಗ 47 ದಿನ. ಈಗ ನಾ ಯಾರಿಗರ ಹೇಳೂದು ಒಂದ: ನಿಮ್ಮೂರಾಗ ಬಿಚ್ಚಾವ್ರು ಯಾರದಾರ, ಮೊದಲ ಅದನ್ನ ಕೇಳ್ರಿ. ಡಬ್ಬಿ ಥರ್ಮಾಕೋಲ್ ಅಟ್ಟದ ಮ್ಯಾಲ ಇಡ್ರಿ.

ಮಂಗಳೂರು: ಕಂಪನಿ ಜಗಳ ಇರಲಿ ಮಾರಾಯ್ರೆ, ಹಳೇದನ್ನು ಎಲ್ಲಿ ಇಟ್ಟಿದ್ರಿ? ನಮ್ಮದು ಶೋಕೇಸಿನ ಗೂಡಲ್ಲಿತ್ತು, ಹಿಂದೆ ಪ್ಲೈವುಡ್, ತಲೆ ಮೇಲೆ ಸೆಟ್‌ಟಾಪ್ ಬಾಕ್ಸ್. ಎರಡು ಸಿನಿಮಾ ನೋಡಿ ಕೈಯಿಟ್ಟರೆ ದೋಸೆ ಕಾವಲಿ. ಮೇಲೆ ಗಾಳಿಯಾಡಲು ಒಂದು ಗೇಣಾದರೂ ಜಾಗ ಬೇಕು.

ಕೇಳಿದವರು: ಈಗ ಟೇಪ್ ಹಿಡಿದು ಬಂದೆ. ಗೂಡಿನ ಎತ್ತರ 18 ಸೆಂ.ಮೀ., ರಿಸೀವರ್ 16. ಅದರ ಮೇಲೆ ಅಮ್ಮನ ಕ್ರೋಶಾ ಬಟ್ಟೆ ಬೇರೆ. ಅಪ್ಪನಿಗೆ ಎಲ್ಲಾ ಓದಿ ಹೇಳಿದೆ. "ನೋಡಿದ್ಯಾ, ಕಂಪನಿ ತಪ್ಪೇನಿಲ್ಲ. ಅದನ್ನೇ ತಗೋ" ಅಂದ್ರು.